ಕಂಪ್ಲಿ ತೋಟದ ಹಾಪ್ಸ್ ಬಳ್ಳಿ

ಬೆಳಿಗ್ಗೆ ಆರೂವರೆಯ ಬಸ್ಸಿಗೆ ಸಂಡೂರು ಬಿಟ್ಟೆ. ಆಸ್ಪತ್ರೆಯಲ್ಲಿ ದಾದಿಯಾಗಿದ್ದಾಗಿನ ಅಭ್ಯಾಸ, ಚೀಲ ಹಿಂದಿನ ದಿನವೇ ಸಿದ್ಧವಿತ್ತು. ಕಂಪ್ಲಿಯಿಂದ ತಮ್ಮ ಕೊಟ್ರೇಶ ಫೋನ್ ಮಾಡಿದ್ದ: "ಅಕ್ಕಾ, ಬಳ್ಳಿ ಮೊಗ್ಗು ಬಿಟ್ಟೈತಿ. ಜಲ್ದಿ ಬಾ."

ಅವನು ಬಿಯರ್ ಕಾರ್ಖಾನೆಯಲ್ಲಿ ದುಡಿದವನು. ಬಿಯರಿಗೆ ಪರಿಮಳ ಕೊಡುವ ಹಾಪ್ಸ್ ಹೂವು ಅಲ್ಲಿಗೆ ಜರ್ಮನಿಯಿಂದ ಒಣಗಿದ ಗುಳಿಗೆಯಾಗಿ ಬರುತ್ತಿತ್ತು. ಹಸಿ ಹೂವನ್ನು ಒಮ್ಮೆ ಮೂಸಬೇಕೆಂಬುದು ಅವನ ಆಸೆ. ಆ ಹಳೆಯ ಜರ್ಮನ್ ತಳಿಯ ಬೇರನ್ನು ಹಿಮಾಚಲದಿಂದ ತರಿಸಿ, ಹೆಂಡತಿ ಪಂಪಮ್ಮನ ತವರಿನ ವೀಳ್ಯದೆಲೆ ತೋಟದಲ್ಲಿ ನೆಟ್ಟಿದ್ದ. ಮೊಗ್ಗು ಬರುವಷ್ಟರಲ್ಲಿ ಅವನ ಲಿವರ್ ಕೆಟ್ಟಿತ್ತು. ಮುಂದಿನ ವರ್ಷದ ಹೂವನ್ನು ಅವನು ಕಾಣಲಾರನೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಪಂಪಮ್ಮನಿಗೆ ತಿಳಿಸಬೇಡವೆಂದಿದ್ದ.

ಹೊಸಪೇಟೆಯಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು ಬಸ್ಸು ಬದಲಿಸಿದೆ. ಹೆಂಗಸರಿಗೆ ಟಿಕೆಟ್ ಉಚಿತ, ಸೀಟು ಮಾತ್ರ ಕಷ್ಟ. ಪಕ್ಕದ ಹೆಣ್ಣುಮಗಳು ಎಲ್ಲಿಗೆಂದು ಕೇಳಿದಾಗ, ಬಿಯರಿಗೆ ಹಾಕುವ ಹೂವು ನೋಡಲು ಎಂದೆ.

"ಅಯ್ಯ, ನಮ್ಮನಿಯವ್ರಿಗೆ ಹೇಳಬ್ಯಾಡ್ರಿ! ಬಳ್ಳಿ ಬುಡದಾಗ ಚಾಪಿ ಹಾಸಿ ಮಲಗ್ತಾರ!"

ಹಂಪಿಯ ಬಂಡೆಗಳು ಹಿಂದೆ ಸರಿಯುವವರೆಗೂ ನಗುತ್ತಿದ್ದೆವು.

ತೋಟದಲ್ಲಿ ಕೊಟ್ರೇಶ ಹೊರಸಿನ ಮೇಲೆ ಒರಗಿದ್ದ. ಕಣ್ಣು ಹಳದಿಯಾಗಿತ್ತು. ಪಂಪಮ್ಮ ಎದ್ದು ಬಂದಳು.

"ಬರ್ರಿ ಅಕ್ಕಾರ, ಕುಂದ್ರಿ. ಬಳ್ಳಿ ನೋಡ್ರಿ, ನಿನ್ನೆ ಸ್ವಚ್ಛ ಮಾಡೀನಿ."

ಬಳ್ಳಿ ಆಸರೆಯ ಅಗಸೆ ಮರಕ್ಕೆ ನೀಟಾಗಿ ಸುತ್ತಿತ್ತು. ಪಕ್ಕದ ಕುಡಿ ಒಂದೂ ಇರಲಿಲ್ಲ.

"ಬಗಲ ಕುಡಿ ಎಲ್ಲಾ ಚಿವುಟೀನ್ರಿ. ಇಲ್ಲಂದ್ರ ಎಲಿ ಸಣ್ಣ ಆಗ್ತಾವ," ಎಂದಳು. ವೀಳ್ಯದೆಲೆ ಬಳ್ಳಿಯನ್ನು ಹೀಗೆ ಕುಡಿ ಚಿವುಟಿಯೇ ಬೆಳೆಸುತ್ತಾರೆ. ಆದರೆ ಹಾಪ್ಸ್ ಹೂಬಿಡುವುದು ಆ ಕುಡಿಗಳಲ್ಲೇ. ಬುಡದಲ್ಲಿ ಅವು ಮೊಗ್ಗಿನ ಸಮೇತ ಬಾಡಿ ಬಿದ್ದಿದ್ದವು.

ನಾನು ಬಾಯಿ ತೆರೆದೆ. ಕೊಟ್ರೇಶ ನನ್ನ ಮಣಿಕಟ್ಟು ಹಿಡಿದ. ಹೆಂಡತಿಗೆ, "ಅದರಾಗಿಂದು ಒಂದು ಕುಡಿ ಕೊಡು," ಎಂದ. ಬಾಡಿದ ಮೊಗ್ಗನ್ನು ಅಂಗೈಯಲ್ಲಿ ತಿಕ್ಕಿ ಮೂಗಿಗೆ ಹಿಡಿದು ಬಹಳ ಹೊತ್ತು ಕೂತ.

"ಬಂತೇನ್ರಿ ವಾಸನಿ?"

"ಬಂತು. ಮಸ್ತ್ ಐತಿ. ಚಲೋ ಮಾಡಿದಿ ನೋಡು."

ಅವನ ಅಂಗೈಯನ್ನು ನಾನೂ ಮೂಸಿದೆ. ಹುಲ್ಲಿನ ವಾಸನೆ, ಅಷ್ಟೇ.

ಮಧ್ಯಾಹ್ನ ಪಂಪಮ್ಮ ಬಸ್‌ ಸ್ಟ್ಯಾಂಡಿನವರೆಗೆ ಬಂದಳು. "ಮುಂದಿನ ವರ್ಷ ಹೂವು ಬಿಡ್ತಾವಂತ ಅವ್ರು ಹೇಳ್ಯಾರ್ರಿ. ಆಗ ನಾಕು ದಿನ ಇರಾಕ ಬರ್ರಿ."

"ಬರ್ತೀನಿ," ಎಂದೆ. ಬಸ್ಸು ಹೊರಟಿತು. ಕಿಟಕಿಯಿಂದ ತಿರುಗಿ ನೋಡಿದೆ. ಅವಳು ಕೈ ಬೀಸುತ್ತಿದ್ದಳು, ಬೆರಳ ತುದಿಗಳು ಇನ್ನೂ ಹಸಿರಾಗಿದ್ದವು.