ಸೀಮೆಸುಣ್ಣದ ಗೆರೆ

ತೊಲೆ ಸೀಳಿದ್ದು ನನ್ನಿಂದ, ಮೇಸ್ತ್ರಿಯಿಂದಲ್ಲ.

ಮಗನಿಗೆ ವಿಜಯವಾಡಕ್ಕೆ ವರ್ಗವಾಗಿ ನಾವು ಪಟಮಟದ ಹಳೆಯ ಬಾಡಿಗೆ ಮನೆಯಲ್ಲಿದ್ದೆವು. ನಡುಮನೆಯ ಮರದ ತೊಲೆ ಬಾಗಿ ದೇವರ ಕೋಣೆಯ ಬಾಗಿಲು ಅರ್ಧಕ್ಕೇ ನಿಲ್ಲುತ್ತಿತ್ತು. ಮಾಲೀಕರು ಕಳಿಸಿದ ಮೇಸ್ತ್ರಿ ತೊಲೆಯ ಕೆಳಗೆ ಉಕ್ಕಿನ ಹಗ್ಗ ಎಳೆದು ಕಟ್ಟಿ, ಅದಕ್ಕೆ ಬಿಗಿಯುವ ತಿರುಪು ಹಾಕಿದ. ಅದನ್ನು ಬಿಗಿ ಮಾಡಿದಷ್ಟೂ ತೊಲೆ ಮೇಲೇಳುತ್ತದಂತೆ. ಅವನು ದಿನಕ್ಕೆ ಅರ್ಧ ಸುತ್ತು ಮಾತ್ರ ತಿರುಗಿಸುತ್ತಿದ್ದ. ಆಮೇಲೆ ತೊಲೆಗೆ ಕಿವಿಯಿಟ್ಟು ಕೇಳಿ, ತಿರುಪು ಎಲ್ಲಿಯವರೆಗೆ ಬಂದಿದೆಯೆಂದು ಅದರ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ಸ್ಪ್ಯಾನರನ್ನು ನಮ್ಮ ಕಿಟಕಿಯಲ್ಲಿಟ್ಟು ಹೊರಡುತ್ತಿದ್ದ.

"ಇವತ್ತಿಗೆ ಇಷ್ಟೇನಾ? ಇಷ್ಟೊತ್ತಿಗೆ ನಾನು ಒಂದು ಸೇರು ಅಕ್ಕಿ ರುಬ್ಬಿರ್ತಿದ್ದೆ," ಎನ್ನುತ್ತಿದ್ದೆ.

"ನಿದಾನಂಗಾ, ಅಮ್ಮಗಾರು," ಎನ್ನುತ್ತಿದ್ದ, ಬಳ್ಳಾರಿಯಲ್ಲಿ ಕಲಿತ ಕನ್ನಡಕ್ಕೆ ತೆಲುಗು ಬೆರೆಸಿ. "ಎಷ್ಟೋ ವರ್ಷ ಬಗ್ಗಿದ್ದು. ಒಂದೇ ಸಲ ನೆಟ್ಟಗಾಗು ಅಂದ್ರೆ ನಿಮ್ಮ ಸೊಂಟ ಆಗ್ತದಾ?"

ಹಬ್ಬಕ್ಕೆ ಎರಡೇ ದಿನವಿತ್ತು, ದೇವರ ಕೋಣೆಯ ಬಾಗಿಲು ಇನ್ನೂ ಪೂರ್ತಿ ತೆರೆಯುತ್ತಿರಲಿಲ್ಲ. ಅವನು ಹೋದ ಮೇಲೆ ನಾನೇ ಸ್ಟೂಲು ಹತ್ತಿ ಮೂರು ಸುತ್ತು ತಿರುಗಿಸಿದೆ. ತೊಲೆ ಪಟ್ಟೆಂದು ಗೇಣುದ್ದ ಸೀಳಿತು.

ಸಂಜೆ ಮಾಲೀಕರು ಬಂದು ಸೀಳು ನೋಡಿ, ಮೇಸ್ತ್ರಿಯನ್ನು ಕರೆಸಿ ಬೈದರು. ನಾಳೆಯಿಂದ ಬರಬೇಡ, ಊರಲ್ಲಿ ಯಾರೂ ನಿನಗೆ ಕೆಲಸ ಕೊಡದ ಹಾಗೆ ಮಾಡುತ್ತೇನೆ ಎಂದರು. ಅವನು ತಿರುಪಿನ ಮೇಲೆ ಜಾಗ ಬಿಟ್ಟು ಸರಿದಿದ್ದ ತನ್ನ ಗೆರೆ ನೋಡಿದ, ನನ್ನನ್ನು ನೋಡಿದ. ಸ್ಟೂಲು ಹತ್ತಿ, ಗೆರೆ ಮೊದಲಿನ ಜಾಗಕ್ಕೆ ಬರುವವರೆಗೆ ಮೂರು ಸುತ್ತು ಸಡಿಲಿಸಿ, ತೊಲೆಗೆ ಕಿವಿಯಿಟ್ಟು ಕೇಳಿ, ಇಳಿದು ಹೋದ. ನಾನೂ ಬಾಯಿ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಕಾಫಿಯನ್ನೂ ಕುಡಿಯದೆ ಮಾಲೀಕರ ಮನೆಗೆ ಹೋದೆ. ಅವರು ಇಡ್ಲಿ ತಿನ್ನುತ್ತಿದ್ದರು. ತಿರುಗಿಸಿದವಳು ನಾನು, ಅವನನ್ನೇ ಮತ್ತೆ ಕರೆಸಿ ಎಂದು ಹೇಳಿ, ಸ್ಪ್ಯಾನರನ್ನು ಅವರ ತಟ್ಟೆಯ ಪಕ್ಕ ಇಟ್ಟು ಬಂದೆ.