ದುಹ್ ಧಾತುವೂ ನಮ್ಮ ಕೊಟ್ಟಿಗೆಯೂ

ಹೋದ ವಾರ ಬಚ್ಚಲಲ್ಲಿ ಜಾರಿ ಬಿದ್ದೆ. ಬಲಗೈ ಮಣಿಕಟ್ಟು ಉಳುಕಿ ಬದನೆಕಾಯಿಯಂತೆ ಊದಿತು. ನಾನೇನೋ ಮೂಲೆಯಲ್ಲಿ ಕೂರಬಹುದು. ಸಂಜೆಯಾದರೆ ಕೆಚ್ಚಲು ತುಂಬಿ ಕೂಗುವ ಸೀಮೆಹಸುವಿಗೆ ಯಾರು ಹೇಳುವುದು?

ಮನೆಯಲ್ಲಿದ್ದವಳು ಮೊಮ್ಮಗಳು ಪಲ್ಲವಿ ಒಬ್ಬಳೇ. (ಮಗಳ ಮಗಳು. ಬೂದಿಕೋಟೆಯಿಂದ ಬಂಗಾರಪೇಟೆಯ ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗಿಬರುತ್ತಾಳೆ.) ಹಾಲು ಕರೆಯಲು ಚೆನ್ನಾಗಿ ಬರುತ್ತದೆ. ಆದರೆ ಅವತ್ತು ಮುಟ್ಟಾಗಿದ್ದಳು. ಆ ಮೂರು ದಿನ ಹೆಣ್ಣುಮಕ್ಕಳು ಕೊಟ್ಟಿಗೆಗೆ ಕಾಲಿಟ್ಟರೆ ಹಸುವಿಗೆ ಕೆಚ್ಚಲು ಬಾವು ಬರುತ್ತದೆ ಅಂತ ನಮ್ಮತ್ತೆ ಹೇಳಿದ್ದರು. ನಾನೂ ಹಾಗೇ ನಡೆದುಕೊಂಡು ಬಂದೆ.

ಕರೆಯದೆ ಬಿಟ್ಟರೂ ಬರುವುದು ಅದೇ ಕೆಚ್ಚಲು ಬಾವು! ಈಗ ಏನು ಮಾಡಲಿ?

ಪಕ್ಕದ ಮನೆಯ ಮುನಿಯಮ್ಮನನ್ನು ಕೂಗಿದೆ. ಅವಳು ಕರೆಯಲು ಕೂತದ್ದೇ ತಡ, ಹಸು ಬಕೆಟ್ ಒದ್ದಿತು.

"ಅಕ್ಕಾ, ನಿನ್ ಅಸೂನೂ ನಿನ್ನಂಗೇ. ಯಾರ್ನೂ ಅತ್ರ ಸೇರ್ಸಲ್ಲ" ಅಂತ ಬೈದು ಹೋದಳು.

ನಾನು ಕೊಟ್ಟಿಗೆ ಬಾಗಿಲಿಗೆ ಅಡ್ಡ ನಿಂತಿದ್ದೆ. ಆಚೆಯಿಂದ ಪಲ್ಲವಿ ಶುರು ಮಾಡಿದಳು. (ಸ್ಕೂಲಲ್ಲಿ ಸಂಸ್ಕೃತ ತೆಗೆದುಕೊಂಡಿದ್ದಾಳೆ.)

"ಅಜ್ಜೀ, ದುಹ್ ಅಂತ ಒಂದು ಧಾತು. ಆಲು ಕರೆಯೋದು ಅಂತ. ಅದ್ರಿಂದಾನೇ ದುಗ್ಧ, ಅಂದ್ರೆ ಆಲು. ದೋಹನ, ಕರೆಯೋ ಕೆಲ್ಸ. ಕಾಮದುಘೆ, ಕೇಳಿದ್ದೆಲ್ಲಾ ಕೊಡೋ ಅಸು. ದುಹಿತೃ ಅಂದ್ರೆ ಏನೇಳು?"

"ನಂಗೇನ್ ಗೊತ್ತಮ್ಮಿ?"

"ಮಗಳು! ಆಲು ಕರೆಯೋಳು ಅಂತ. ನಮ್ ಮಿಸ್ಸೇ ಏಳಿದ್ದು."

"ಮೂರು ದಿನ ಬಿಟ್ಟು ಅಂತ ಏಳ್ಲಿಲ್ವಾ ನಿಮ್ ಮಿಸ್ಸು?"

"ಇಲ್ವಲ್ಲ! ಆದ್ರೆ ಈ ಅರ್ಥನ ಎಲ್ಲಾ ಪಂಡಿತ್ರೂ ಒಪ್ಪಲ್ವಂತೆ."

ನೋಡಿ, ಪಂಡಿತರಲ್ಲೇ ಒಮ್ಮತವಿಲ್ಲ. ಊರ ಶಾಲೆಯಲ್ಲಿ ನಾಲ್ಕಕ್ಷರ ಕಲಿತ ನಾನು ಏನು ತೀರ್ಮಾನಿಸಲಿ?

ಹಸು ಮತ್ತೆ ಕೂಗಿತು. ನಾನು ಪಕ್ಕಕ್ಕೆ ಸರಿದೆ. ಹೋಗು ಅನ್ನಲಿಲ್ಲ. ಬೇಡ ಅನ್ನಲೂ ಇಲ್ಲ.

ಪಲ್ಲವಿ ಅದರ ಬೆನ್ನು ಸವರಿ ಕೂತಳು. ಹಸು ಬಾಲವನ್ನೂ ಬೀಸಲಿಲ್ಲ. ಬಕೆಟ್ ತುಂಬಿತು. ಡೈರಿಯ ಕ್ಯಾನಿನಲ್ಲಿ ಊರ ಹಾಲಿನ ಜೊತೆ ನಮ್ಮದೂ ಬೆರೆಯಿತು. ಅಲ್ಲಿ ಫ್ಯಾಟ್ ನೋಡಿದರು ಅಷ್ಟೇ. ಕರೆದವರು ಯಾರು, ಅವರಿಗೆ ಅದು ಎಂಥ ದಿನ, ಯಾರೂ ಕೇಳಲಿಲ್ಲ.

ಆಮೇಲೆ ದಿನಾ ಕೆಚ್ಚಲು ಮುಟ್ಟಿ ನೋಡಿದೆ. ಗಂಟಿಲ್ಲ, ಬಿಸಿಯಿಲ್ಲ. ಹಾಗಾದರೆ ಅತ್ತೆ ಹೇಳಿದ್ದು? (ಅವರಿಗೆ ಅವರತ್ತೆ ಹೇಳಿದ್ದು?) ಸುಳ್ಳು ಅನ್ನಲು ನನಗೆ ಬಾಯಿ ಬರುವುದಿಲ್ಲ. ನಿಜ ಅನ್ನಲು ಹಸು ಬಿಡುವುದಿಲ್ಲ.

ಕೈಯ ಊತ ಇಳಿದಿದೆ. ಈಗ ನಾನೇ ಕರೆಯಬಲ್ಲೆ. ಇದನ್ನು ಓದುತ್ತಿರುವ ಮಕ್ಕಳೇ, ನೀವೇ ಹೇಳಿ, ಮುಂದಿನ ತಿಂಗಳು ಪಲ್ಲವಿ ಬಕೆಟ್ ಹಿಡಿದು ಬಂದರೆ ನಾನು ಬಾಗಿಲಲ್ಲಿ ಅಡ್ಡ ನಿಲ್ಲಲೋ, ಸರಿಯಲೋ?