ಮಾಹೀನ್ ಎಳೆದ ಹಬೆಯ ದಾರಿ

ಮಳವಳ್ಳಿಯ ಮಾಹೀನ್‌ಗೆ ಮದ್ದೂರಿನಲ್ಲಿ ರಾಜೇಂದ್ರ ಎಂಬುವರ ವರ್ಕ್‌ಶಾಪಿನಲ್ಲಿ ಕೆಲಸ. ಕಾರ್ಖಾನೆಗಳ ಪೈಪು ಎಲ್ಲಿ ಹೊರಟು, ಎಲ್ಲಿ ತಿರುಗಿ, ಎಲ್ಲಿ ಸೇರಬೇಕೆಂಬುದನ್ನು ಅವಳು ಕಂಪ್ಯೂಟರಿನಲ್ಲಿ ಬಿಡಿಸುತ್ತಾಳೆ. ಅವಳ ಚಿತ್ರ ನೋಡಿಯೇ ಪೈಪು ಕತ್ತರಿಸಿ, ಬೆಸುಗೆ ಹಾಕಿ, ಒಯ್ದು ಜೋಡಿಸುವುದು. ರಬ್ಬರ್ ಪೈಪಾದರೆ ಹೇಗೋ ಬಗ್ಗಿಸಿ ತೂರಿಸಬಹುದು. ಕಬ್ಬಿಣದ ಪೈಪು ಬೆರಳಗಲ ತಪ್ಪಿದರೂ ಕೂರುವುದಿಲ್ಲ.

ಅವಳ ಮೊದಲ ಕೆಲಸವೇ ಕೂರದೆ ಹೋಗಿತ್ತು. ಒಂದು ಡೇರಿಗೆ ಬಿಸಿನೀರಿನ ಪೈಪು. ಹಳೆಯ ನಕ್ಷೆಯನ್ನು ನಂಬಿ ಕೂತಲ್ಲೇ ದಾರಿ ಎಳೆದಳು. ಅಲ್ಲಿ ಹೋಗಿ ನೋಡಿದರೆ ನಕ್ಷೆಯಲ್ಲಿಲ್ಲದ ತೊಲೆಯೊಂದು ಅಡ್ಡ ನಿಂತಿತ್ತು. ಫಿಟ್ಟರ್ ಪುಟ್ಟಮಾದಯ್ಯ ಅಲ್ಲೇ ಪೈಪು ಕತ್ತರಿಸಿ, ಮತ್ತೆ ಬೆಸೆದು, ಹೇಗೋ ಕೂರಿಸಿದರು.

"ಕಂಪ್ಯೂಟ್ರಲ್ಲಿ ಎಲ್ಲಾ ಚೆಂದಾಗೇ ಇರ್ತದೆ ಕಣಮ್ಮ," ಎಂದರು. ಮಾತಿನಲ್ಲಿ ಕೋಪವಿರಲಿಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿತು.

ಮರುವರ್ಷ ಮಂಡ್ಯದ ದಾರಿಯಲ್ಲಿರುವ ಬೆಲ್ಲದ ಕಾರ್ಖಾನೆಯ ಕೆಲಸ ಬಂತು. ಬಾಯ್ಲರಿನಿಂದ, ಆಚೆ ಶೆಡ್ಡಿನಲ್ಲಿ ಕಬ್ಬಿನ ಹಾಲು ಕಾಯಿಸುವ ಕೊಪ್ಪರಿಗೆಗಳವರೆಗೆ ಹಬೆಯ ಪೈಪು ಹೋಗಬೇಕು. ಮಾಹೀನ್ ತಾನೇ ಮುಂದೆ ಬಂದು ಆ ಕೆಲಸ ಕೇಳಿದಳು.

ರಾಜೇಂದ್ರ ಹಿಂದೆಮುಂದೆ ನೋಡಿದರು. "ಇದು ಹಬೆ ಕಣಮ್ಮ, ನೀರಲ್ಲ."

"ಗೊತ್ತು ಸಾರ್. ಈ ಸಲ ನಾನೇ ಹತ್ತಿ ಅಳ್ಕಂಡು ಬತ್ತೀನಿ."

ಹೇಳಿದಂತೆಯೇ ಏಣಿ ಹತ್ತಿದಳು. ಪ್ರತಿ ಕಂಬ, ಪ್ರತಿ ತೊಲೆ, ಕರೆಂಟಿನ ತಂತಿ ಹೊತ್ತ ಪ್ರತಿ ತಗಡಿನ ಪಟ್ಟಿಯನ್ನೂ ಅಳೆದು ತಂದು ಕಂಪ್ಯೂಟರಿನಲ್ಲಿ ನಿಲ್ಲಿಸಿದಳು. ಆದರೆ ದಾರಿ ಸಿಗಲಿಲ್ಲ. ಹಬೆ ನುಗ್ಗಿದರೆ ಪೈಪು ಕಾದು ಉದ್ದವಾಗುತ್ತದೆ; ನೇರಕ್ಕೆ ಬಿಗಿದರೆ ಗೋಡೆಯನ್ನೇ ತಳ್ಳುತ್ತದೆ. ಅದು ಹಿಗ್ಗಲು ಎಲ್ಲಾದರೂ ಒಂದು ಕಡೆ ಬಾಗಿಲ ಚೌಕಟ್ಟಿನಂತೆ ಮೇಲೆದ್ದು ಇಳಿಯಬೇಕು. ಶೆಡ್ಡಿನೊಳಗೆ ಅಷ್ಟು ಜಾಗವೆಲ್ಲಿ? ಹೇಗೆ ತಿರುಗಿಸಿದರೂ ಏನಾದರೊಂದಕ್ಕೆ ತಗುಲಿ, ಕಂಪ್ಯೂಟರಿನ ಪರದೆಯಲ್ಲಿ ಆ ಜಾಗ ಕೆಂಪಾಗುತ್ತಿತ್ತು.

ಮತ್ತೊಮ್ಮೆ ಅಳೆಯಲು ಹೋದ ದಿನ, ಬೇಸತ್ತು ಅಂಗಳಕ್ಕೆ ಬಂದು ನಿಂತಳು. ಎರಡು ಶೆಡ್ಡುಗಳ ನಡುವಿನ ಓಣಿಯಲ್ಲಿ ಕಬ್ಬಿನ ಲಾರಿಯೊಂದು ಹಾದುಹೋಯಿತು. ಅದರ ಮೇಲೆ ಬರೀ ಆಕಾಶ. ಒಳಗೇ ಯಾಕೆ ಒದ್ದಾಡಬೇಕು? ಪೈಪನ್ನು ಹೊರಗೆ ತಂದು, ಓಣಿಯ ಮೇಲೆ ದಾಟಿಸಿ, ಆಚೆ ಇಳಿಸಿದರೆ ಅದೇ ಚೌಕಟ್ಟಾಯಿತಲ್ಲ!

ಪೈಪಿಗೆ ಲಾರಿ ತಗುಲಬಾರದೆಂದು ಇಡೀ ದಿನ ಗೇಟಿನಲ್ಲಿ ನಿಂತು ಲಾರಿಗಳ ಮೇಲೆ ಒಟ್ಟಿದ್ದ ಕಬ್ಬಿನ ಎತ್ತರ ಅಳೆದಳು. "ಆರ್‌ಟಿಓ ಕಡೆಯವ್ರೇನವ್ವ?" ಎಂದು ಡ್ರೈವರೊಬ್ಬ ಗಾಬರಿಯಾದ.

ಚಿತ್ರ ಮುಗಿದಾಗ ಪುಟ್ಟಮಾದಯ್ಯನವರನ್ನು ಕರೆದು ಪರದೆಯ ಮುಂದೆ ಕೂರಿಸಿದಳು. ಪೈಪಿನ ಪಕ್ಕ ಒಬ್ಬ ಮನುಷ್ಯನ ಬೊಂಬೆ ನಿಂತಿತ್ತು.

"ಇದು ನೀವು ಮಾದಣ್ಣ. ಬೋಲ್ಟ್ ಬಿಗಿಯಕ್ಕೆ ಜಾಗ ಸಾಕಾ ನೋಡಿ."

ಅವರು ಕಣ್ಣು ಕಿರಿದು ಮಾಡಿ ನೋಡಿದರು. "ನಂಗೆ ಒಟ್ಟೆ ಐತಲ್ಲವ್ವ, ಅದೆಲ್ಲಿ?"

ಮಾಹೀನ್ ನಗುತ್ತಲೇ ಬೊಂಬೆಯನ್ನು ದಪ್ಪ ಮಾಡಿದಳು. ಬೊಂಬೆ ಕಂಬಕ್ಕೆ ತಗುಲಿತು. ಪೈಪು ಕೂಡುವ ಜಾಗವನ್ನು ಕಂಬದಿಂದ ಆಚೆಗೆ ಸರಿಸಿದಳು.

ಕಬ್ಬು ಅರೆಯುವುದು ನಿಂತಿದ್ದ ಬಿಡುವಿನಲ್ಲಿ ಕ್ರೇನ್ ಬಂತು. ತುಂಡುಗಳು ಒಂದೊಂದಾಗಿ ಮೇಲೇರಿ ಕೂತವು. ಕೊನೆಯ ತುಂಡೂ ಇಳಿಯಿತು. ಪುಟ್ಟಮಾದಯ್ಯ ಮೇಲೆ ನಿಂತು ಬೋಲ್ಟೊಂದನ್ನು ತೂತಿಗಿಟ್ಟರು. ಸುತ್ತಿಗೆ ಬೇಕಾಗಲಿಲ್ಲ, ಬೆರಳಲ್ಲಿ ತಳ್ಳಿದ್ದೇ ಸಾಕಾಯಿತು. ಮಿಕ್ಕವೂ ಹಾಗೆಯೇ.

"ಕೂತ್ಕತ್ತು ಕಣಮ್ಮೋ! ಒಂದ್ ಗೆರೆ ಆಕಡೆ ಇಲ್ಲ, ಈಕಡೆ ಇಲ್ಲ!" ಅವರ ಕೂಗಿಗೆ ಕೆಳಗಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ರಾಜೇಂದ್ರ ತಮ್ಮ ತಲೆಯ ಹೆಲ್ಮೆಟ್ ತೆಗೆದು ಅವಳತ್ತ ತಿರುಗಿ ಕೈಮುಗಿದರು.

ಹಬೆ ಬಿಟ್ಟ ದಿನ ಪೈಪು ಮೆಲ್ಲಗೆ ಹಿಗ್ಗಿತು. ಗೋಡೆಗಳು ಅಲುಗಲಿಲ್ಲ. ಆಚೆ ಶೆಡ್ಡಿನಲ್ಲಿ ಕಬ್ಬಿನ ಹಾಲು ಬುಸುಗುಟ್ಟಿ ಉಕ್ಕಿತು.

ಈಗ ವರ್ಕ್‌ಶಾಪಿನಿಂದ ಹೊರಡುವ ಪ್ರತಿ ಪೈಪಿನ ದಾರಿಯೂ ಮಾಹೀನ್ ಕೈಯದೇ. ಮೊನ್ನೆ ತಾಯಿ ಫಕ್ರುನ್ನೀಸಾ ಜತೆ ಮಂಡ್ಯಕ್ಕೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಓಣಿಯ ಮೇಲಿನ ಆ ಪೈಪಿನತ್ತ ಬೆರಳು ಮಾಡಿ ತೋರಿಸಿದಳು.

"ಅಷ್ಟು ಎತ್ತರಕ್ಕೆ ನೀನು ಹತ್ತಿದ್ಯಾ?" ತಾಯಿ ಎದೆ ಹಿಡಿದುಕೊಂಡರು.

"ಹತ್ತಿದ್ದೆ ಅಮ್ಮಿ."

ತಾಯಿ ಮುಂದಿನ ಸೀಟಿನಲ್ಲಿದ್ದ ಅಪರಿಚಿತ ಹೆಂಗಸಿನ ಭುಜ ತಟ್ಟಿದರು. "ಅಲ್ಲಿ ನೋಡಮ್ಮ, ಆ ಪೈಪು. ನಮ್ಮ ಹುಡುಗಿ ಹಾಕ್ಸಿದ್ದು."